ಯಲ್ಲಮ್ಮನಗುಡ್ಡಕ್ಕೆ ಒಂದು ರಾತ್ರಿ ಇಟ್ಟುಕೊಂಡು ಹೋಗಿ

ನಾನು ಮುಧೋಳದವನು. ಕ್ರೂಸರ್ ಓಡಿಸುತ್ತೇನೆ, ಹದಿನಾಲ್ಕು ವರ್ಷ ಆಯಿತು. ಸವದತ್ತಿ ಯಲ್ಲಮ್ಮನಗುಡ್ಡಕ್ಕೆ ವರ್ಷಕ್ಕೆ ಎಂಟು-ಹತ್ತು ಬಾಡಿಗೆ ಇದ್ದೇ ಇರುತ್ತವೆ. ಲೆಕ್ಕ ಹಾಕಿದರೆ ನೂರು ಸಲದ ಮೇಲೆ ಆ ಗುಡ್ಡ ಏರಿದ್ದೇನೆ. ಆದರೆ ದೇವಿಯ ಮುಖ ನೋಡಿದ್ದು ನಾಲ್ಕೇ ಸಲ. ಉಳಿದಷ್ಟೂ ಸಲ ಗಾಡಿಯ ಹತ್ತಿರವೇ ಇರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಒಂದು ನಿದ್ದೆ, ಎದ್ದ ಮೇಲೆ ಬೇರೆ ಡ್ರೈವರ್‌ಗಳ ಜೊತೆ ಚಹಾ, ಚುರುಮುರಿ. ಮಂದಿ ಹಣೆ ತುಂಬ ಭಂಡಾರ, ಅಂದರೆ ಅರಿಶಿನ ಪುಡಿ, ಬಳಿದುಕೊಂಡು ವಾಪಸ್ ಬಂದಾಗ ಕೈಗೆ ಒಂದು ಚೂರು ಕೊಬ್ಬರಿ ಇಡುತ್ತಿದ್ದರು. ನನ್ನ ದರ್ಶನ ಅಷ್ಟಕ್ಕೇ ಮುಗಿಯುತ್ತಿತ್ತು.

ಈ ಸಲ ಮಾಘದಲ್ಲಿ ಬಾಡಿಗೆ ಬಿಟ್ಟು ನಮ್ಮ ಅವ್ವನನ್ನು ಕರೆದುಕೊಂಡು ಹೋದೆ. ಜೊತೆಗೆ ಹೆಂಡತಿ, ಮಗಳು, ನಮ್ಮ ಅಕ್ಕ. ಒಂದು ರಾತ್ರಿ ಅಲ್ಲೇ ಇದ್ದೆವು. ಇಷ್ಟು ವರ್ಷ ಎಂಥ ಜಾಗದ ಬಾಗಿಲಲ್ಲಿ ಮಲಗಿ ಎದ್ದು ಬಂದಿದ್ದೇನೆ ಅಂತ ಆಗ ಗೊತ್ತಾಯಿತು. ಹೋಗುವವರಿಗೆ ಉಪಯೋಗ ಆಗಲಿ ಎಂದು ಕಂಡದ್ದನ್ನು ಬರೆಯುತ್ತಿದ್ದೇನೆ. ಸ್ಟಾರ್ ಕೊಡುವುದಾದರೆ ಗುಡ್ಡಕ್ಕೆ ಐದಕ್ಕೆ ಐದು. ನಾವು ಹಿಡಿದ ಖೋಲಿಗೆ ಒಂದೂವರೆ. ಅದರ ಕತೆ ಮುಂದೆ ಬರುತ್ತದೆ.

ಹರಕೆ 2019ರದು. ಆ ವರ್ಷ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ನಮ್ಮ ಓಣಿಯ ತನಕ ನೀರು ಬಂದಿತ್ತು. ಜೋಳದ ಚೀಲ ಅಟ್ಟಕ್ಕೆ ಏರಿಸಿ, ದನಗಳ ಹಗ್ಗ ಬಿಚ್ಚಿ, ನಾವೆಲ್ಲ ಶಾಲೆಯಲ್ಲಿ ಮಲಗಿದ್ದೆವು. ಅಲ್ಲಿ ಕೂತು ಅವ್ವ ಬೇಡಿಕೊಂಡಿದ್ದಳು, ಮನೆಯ ಗೋಡೆ ನಿಂತರೆ ಗುಡ್ಡಕ್ಕೆ ಬಂದು ಪಡ್ಡಲಗಿ ತುಂಬಿಸ್ತೀನಿ ಅಂತ. ಪಡ್ಡಲಗಿ ಅಂದರೆ ದೇವಿಯ ಸೇವೆಗೆ ನಿಂತ ಜೋಗಮ್ಮ, ಜೋಗಪ್ಪಗಳ ಬುಟ್ಟಿ, ಅದಕ್ಕೆ ಅಡಿಗೆ ಬಡಿಸಿ ತುಂಬಿಸುವುದು. ಗೋಡೆ ನಿಂತಿತು. ಮುಂದಿನ ವರ್ಷ ಕೊರೊನಾ, ಗುಡಿಗೇ ಬೀಗ. ಅದರ ಮುಂದಿನ ವರ್ಷ ಅಪ್ಪ ತೀರಿಕೊಂಡ. ಆಮೇಲೆ ಅವ್ವ ಕೇಳುವುದನ್ನೇ ಬಿಟ್ಟಳು, ನಾನೂ ಸುಮ್ನೆ ಇದ್ದೆ. ಹೋದ ದೀಪಾವಳಿಗೆ ಗಾಡಿ ಪೂಜೆ ಮಾಡುವಾಗ ಒಂದೇ ಮಾತು ಅಂದಳು: "ಊರ ಮಂದಿನ್ನೆಲ್ಲಾ ಗುಡ್ಡಕ್ಕ ಒಯ್ತಿ. ನನ್ನ ಹರಕಿ ಆಕಿ ಹತ್ರ ಬಾಕಿ ಐತಿ ನೋಡ ಯಪ್ಪಾ." ಕಾಯಿ ಒಡೆಯಲು ಎತ್ತಿದ ಕೈ ಅಲ್ಲೇ ನಿಂತಿತು.

ಯಾವ ದಿನ ಹೋಗಬೇಕು ಅನ್ನುವುದರ ಮೇಲೆ ಮನೆಯಲ್ಲಿ ಜಗಳವೇ ಆಯಿತು. ಗುಡ್ಡದ ವರ್ಷ ನಡೆಯುವುದು ಹುಣ್ಣಿಮೆಗಳ ಮೇಲೆ. ಮಾರ್ಗಶಿರದಲ್ಲಿ ಹೊಸ್ತಿಲ ಹುಣ್ಣಿಮೆ. ಕಾರ್ತವೀರ್ಯಾರ್ಜುನ ದೇವಿಯ ಗಂಡ ಜಮದಗ್ನಿಯನ್ನು ಕೊಂದದ್ದು, ಯಲ್ಲಮ್ಮ ರಂಡೆಯಾದದ್ದು ಆ ಹೊತ್ತಿಗೆ ಅಂತ ನಂಬಿಕೆ. ಅಂದು ದೇವಿಯ ಬಳೆ ಒಡೆಯುತ್ತಾರೆ. ಪುಷ್ಯದಲ್ಲಿ ಬನದ ಹುಣ್ಣಿಮೆ, ದೊಡ್ಡ ಜಾತ್ರೆ. ಮಾಘದಲ್ಲಿ ಭಾರತ ಹುಣ್ಣಿಮೆ, ಅಂದು ಆಕೆ ಮತ್ತೆ ಮುತ್ತೈದೆ ಆಗುತ್ತಾಳೆ. ಅದಕ್ಕೇ ಅದನ್ನು ಮುತ್ತೈದೆ ಹುಣ್ಣಿಮೆ ಅಂತಲೂ ಕರೆಯುತ್ತಾರೆ. ಅವ್ವ ಇದನ್ನೆಲ್ಲ ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಾಳೆ. "ಪಾಪ, ಎರಡ ತಿಂಗಳ ಬರೇ ಕೈಲೆ ಕುಂದರ್ತಾಳ." ತನ್ನ ಕೈಯ ಬಗ್ಗೆ ಏನೂ ಹೇಳಲಿಲ್ಲ.

ಅವಳಿಗೆ ಭಾರತ ಹುಣ್ಣಿಮೆಯ ದಿನವೇ ಬೇಕಿತ್ತು. ನಾನು ಬೇಡ ಅಂದೆ. ಹುಣ್ಣಿಮೆ ದಿನ ಆ ರಸ್ತೆ ನೋಡಿದವನು ನಾನು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಟ್ರ್ಯಾಕ್ಟರ್, ಕೊಲ್ಹಾಪುರ-ಸಾಂಗಲಿ ಕಡೆಯಿಂದ ಟೆಂಪೊ, ಇವತ್ತಿಗೂ ಕೋಡಿಗೆ ಬಣ್ಣ ಬಳಿದ ಎತ್ತುಗಳ ಚಕ್ಕಡಿ. ಎರಡು ಕಿಲೋಮೀಟರ್ ದಾಟಲು ಎರಡು ತಾಸು ಹಿಡಿದದ್ದೂ ಇದೆ. ಎಪ್ಪತ್ನಾಲ್ಕು ವರ್ಷದ ಮೊಣಕಾಲು ಅಲ್ಲಿ ನಿಲ್ಲುವುದಿಲ್ಲ. ಮಂಗಳವಾರ, ಶುಕ್ರವಾರವೂ ಈಗ ಕಷ್ಟ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ ಆದ ಮೇಲೆ ಆ ಎರಡು ದಿನ ಗುಡ್ಡದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನ್ನ ಬಾಡಿಗೆಯೂ ಅದರಿಂದ ಕಡಿಮೆಯಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಸಲವೂ ಗುಡ್ಡ ಕಾಣದ ಎಷ್ಟೋ ಮುದುಕಿಯರು ಈಗ ಬಂದು ಹೋಗುತ್ತಿದ್ದಾರೆ. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ.

ಕೊನೆಗೆ ಹುಣ್ಣಿಮೆ ಕಳೆದು ಎಂಟು ದಿನಕ್ಕೆ, ಬುಧವಾರ ಮಧ್ಯಾಹ್ನ ಬಿಟ್ಟೆವು. ಲೋಕಾಪುರ, ಯರಗಟ್ಟಿ ಮೇಲೆ ಹಾಯ್ದು ಸವದತ್ತಿ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರದಿದ್ದರೆ ಎರಡೂವರೆ ತಾಸಿನ ದಾರಿ. ಅಡ್ಡ ಬಂದವು, ಮೂರಾಯಿತು.

ಗುಡ್ಡ ಏರುವ ಮುಂಚೆ ಜೋಗುಳಬಾವಿ. ಅವಸರದ ಮಂದಿ ಇದನ್ನು ಬಿಟ್ಟು ನೇರ ಮೇಲೆ ಹೋಗುತ್ತಾರೆ. ನಾನು ಕರೆದೊಯ್ದ ಅರ್ಧದಷ್ಟು ಮಂದಿ ಹಾಗೇ ಮಾಡಿದ್ದಾರೆ. ಅವ್ವ ಬಿಡಲಿಲ್ಲ. ಮೊದಲು ಇಲ್ಲಿ ಜಳಕ, ಇಲ್ಲಿನ ದೇವಿ ಸತ್ಯೆಮ್ಮನಿಗೆ ಕೈ ಮುಗಿಯುವುದು, ಆಮೇಲೆ ಗುಡ್ಡ. ಯಾಕೆ ಅಂದರೆ ಯಲ್ಲಮ್ಮನ ಕತೆ ತಿರುಗುವುದೇ ಇಲ್ಲಿ.

ಕತೆ ಎಲ್ಲರಿಗೂ ಗೊತ್ತಿರುತ್ತದೆ. ಆದರೂ ನಮ್ಮ ಮಗಳಿಗೆ ಪೂರ್ತಿ ಗೊತ್ತಿರಲಿಲ್ಲ. ಡಿಗ್ರಿ ಎರಡನೇ ವರ್ಷ ಓದುತ್ತಾಳೆ. ಅಜ್ಜಿ ಒದ್ದೆ ಕೂದಲು ಹಿಂಡುತ್ತ ಹೇಳಿದಳು. ರೇಣುಕೆ, ಅಂದರೆ ನಮ್ಮ ಯಲ್ಲಮ್ಮ, ಅರಸನ ಮಗಳು, ಜಮದಗ್ನಿ ಋಷಿಯ ಹೆಂಡತಿ. ದಿನಾ ಮಲಪ್ರಭೆಗೆ ಹೋಗಿ ಹಸಿ ಉಸುಕಿನಲ್ಲೇ ಕೊಡ ಮಾಡುತ್ತಿದ್ದಳು. ಹಾವನ್ನು ಸುತ್ತಿ ಸಿಂಬಿ ಮಾಡಿ ತಲೆ ಮೇಲಿಟ್ಟು ನೀರು ತರುತ್ತಿದ್ದಳು. ಮನಸ್ಸು ನೆಟ್ಟಗಿದ್ದರೆ ಮಾತ್ರ ಕೊಡ ನಿಲ್ಲುವುದು. ಒಂದು ದಿನ ಹೊಳೆಯಲ್ಲಿ ಗಂಧರ್ವರು ನೀರಾಟ ಆಡುವುದು ಕಂಡಿತು. ಒಂದು ಗಳಿಗೆ ನೋಡಿದಳು. ಉಸುಕು ಕೊಡ ಆಗಲಿಲ್ಲ, ಹಾವು ಸಿಂಬಿ ಆಗಲಿಲ್ಲ, ಹರಿದು ಹೋಯಿತು. ಬರಿಗೈಯಲ್ಲಿ ಬಂದವಳಿಗೆ ಗಂಡನ ಶಾಪ. ಮೈ ತುಂಬ ತೊನ್ನು, ಹುಣ್ಣು. ಅಡವಿ ಬಿದ್ದು ಅಲೆದಳು. ಎಕ್ಕಯ್ಯ, ಜೋಗಯ್ಯ ಅನ್ನುವ ಸಾಧುಗಳು ಈ ನೀರಿನಲ್ಲಿ ಮೀಯಲು ಹೇಳಿದರು. ಮಿಂದಳು, ಮೈ ತಿಳಿಯಾಯಿತು.

"ಮುಗೀತಲ್ಲ?" ಅಂದಳು ಮಗಳು.

"ಎಲ್ಲಿ ಮುಗೀತು! ತಿರುಗಿ ಹೋದ್ಲು. ಆತನ ಸಿಟ್ಟು ಇಳಿದಿರ್ಲಿಲ್ಲ. ತಲಿ ಹೊಡೀರಿ ಅಂದ. ದೊಡ್ಡ ಮಕ್ಕಳು ಒಲ್ಲೆ ಅಂದ್ರು. ಪರಶುರಾಮ ಕೊಡಲಿ ಎತ್ತಿದ. ಆಮ್ಯಾಲ ಅಪ್ಪ ವರಾ ಕೇಳ ಅಂದಾಗ, ನಮ್ಮವ್ವನ್ನ ತಿರುಗಿ ಕೊಡ ಅಂದ."

ಮಗಳಿಗೆ ಸಮಾಧಾನ ಆಗಲಿಲ್ಲ. ಸುಮ್ನೆ ನೋಡಿದ್ದಕ್ಕೆ ಇಷ್ಟು ಶಿಕ್ಷೆಯಾ, ಇದು ಯಾವ ನ್ಯಾಯ ಅಂತ ಕೇಳಿದಳು. ನಾನು ಗಾಡಿಯ ಟಯರ್ ನೋಡುವವನ ಹಾಗೆ ಬಗ್ಗಿದೆ. ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ಅದಕ್ಕ ಆಕಿ ದೇವರಾದ್ಲು, ಆತ ಋಷಿಯಾಗೇ ಉಳದ. ಮ್ಯಾಲ ಹೋಗಿ ನೋಡ. ಆತನ ಗುಡಿನೂ ಐತಿ. ಅಲ್ಲಿ ಪಾಳಿ ಇರೂದಿಲ್ಲ."

ಮರುದಿನ ನೋಡಿದೆವು. ಹೌದು, ಜಮದಗ್ನಿ ಗುಡಿಯಲ್ಲಿ ನಾವೈದು ಮಂದಿ ಬಿಟ್ಟರೆ ಇನ್ನೊಬ್ಬರು ಅಷ್ಟೇ.

ಜೋಗುಳಬಾವಿಯ ಹೆಸರಿಗೆ ಅಂಟಿದ ಇನ್ನೊಂದು ಮಾತನ್ನೂ ಬರೆಯಬೇಕು. ಹಿಂದೆ ಇಲ್ಲಿ ಮಿಂದು, ಬೇವಿನ ಸೊಪ್ಪು ಉಟ್ಟು ಗುಡ್ಡ ಏರುತ್ತಿದ್ದರು. ಹರಕೆಯ ಹೆಸರಿನಲ್ಲಿ ಸಣ್ಣ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. 1982ರ ರಾಜ್ಯದ ಕಾಯ್ದೆ ಅದನ್ನು ಅಪರಾಧ ಅಂತ ಮಾಡಿತು. ಅವ್ವನ ತವರಿನಲ್ಲಿ ಅವಳ ಓರಗೆಯ ಒಬ್ಬ ಹುಡುಗಿಗೆ ಮುತ್ತು ಕಟ್ಟಿದ್ದರಂತೆ. ಇಬ್ಬರೂ ಒಟ್ಟಿಗೆ ಸಗಣಿ ಆರಿಸಲು ಹೋಗುತ್ತಿದ್ದರು. "ಆಕಿ ಕುಂಟಾಬಿಲ್ಲಿ ಆಡೂದ್ರಾಗ ನನಗಿಂತ ಶಾಣ್ಯಾ ಇದ್ಲು" ಅಂದಳು ಅವ್ವ. ಮುಂದೆ ಏನಾಯಿತು ಅಂತ ಮಗಳು ಕೇಳಿದಾಗ, ಕೊಡದಲ್ಲಿ ಉಳಿದ ನೀರನ್ನು ಕಾಲಿಗೆ ಹಾಕಿಕೊಂಡು, ನಡೀರಿ ಕತ್ತಲಾಗ್ತದ ಅಂದಳು.

ಸವದತ್ತಿ ಊರಿನಿಂದ ಗುಡ್ಡಕ್ಕೆ ಐದು ಕಿಲೋಮೀಟರ್ ಆಗಬಹುದು. ಗಾಡಿ ಮೇಲಿನ ತನಕ ಹೋಗುತ್ತದೆ. ತಿರುವುಗಳಲ್ಲಿ ಹಾರ್ನ್ ಹೊಡೆಯಿರಿ, ಕೈಗೂಸು ಎತ್ತಿಕೊಂಡು ನಡೆದು ಬರುವವರು ರಸ್ತೆ ತುಂಬ ಇರುತ್ತಾರೆ. ಹೊಸ ಡ್ರೈವರ್‌ಗಳಿಗೆ ಇನ್ನೊಂದು ಮಾತು. ಗುಡಿಯ ಹತ್ತಿರವೇ ಗಾಡಿ ಹಚ್ಚಬೇಕು ಅಂತ ಆಸೆಪಡಬೇಡಿ. ವಾಪಸ್ ಹೋಗುವ ದಿಕ್ಕಿಗೆ ಮುಖ ಮಾಡಿ, ಸ್ವಲ್ಪ ದೂರದಲ್ಲೇ ನಿಲ್ಲಿಸಿ. ಬರುವಾಗ ನನ್ನನ್ನು ನೆನೆಯುತ್ತೀರಿ.

ಈಗ ಖೋಲಿಯ ಕತೆ. ಗುಡ್ಡದಲ್ಲಿ ಇರಲು ದೇವಸ್ಥಾನದವರ ಖೋಲಿಗಳೂ ಇವೆ, ಖಾಸಗಿಯವರದೂ ಇವೆ. ನಾನು ಡ್ರೈವರ್ ಗೆಳೆಯನೊಬ್ಬನ ಮಾತು ಕೇಳಿ ಫೋನಿನಲ್ಲೇ ಒಂದು ಖಾಸಗಿ ಖೋಲಿ ಹಿಡಿದಿದ್ದೆ. ದಿನಕ್ಕೆ ಏಳುನೂರು, ನೀರು-ಒಲೆ ಎಲ್ಲಾ ಅದರಲ್ಲೇ ಅಂದಿದ್ದರು. ಹೋಗಿ ನೋಡಿದರೆ ನೀರು ಕೊಡಕ್ಕೆ ಇಪ್ಪತ್ತು ರೂಪಾಯಿ. ಒಲೆ ಅಂದರೆ ಹೊರಗೆ ಮೂರು ಕಲ್ಲು. ಬಚ್ಚಲಿಗೆ ಚಿಲಕ ಇರಲಿಲ್ಲ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕು. ಕೇಳಿದರೆ "ಹುಣ್ಣಿಮೆಗೆ ಇದೇ ಖೋಲಿಗೆ ನಾಲ್ಕು ಸಾವಿರ ಕೊಡ್ತಾರ್ರೀ" ಅನ್ನುವ ಉತ್ತರ. ಹುಣ್ಣಿಮೆಗೆ ಬಂದವರಿಗೂ ಚಿಲಕ ಇರಲಿಲ್ಲ ಅಂತಾಯಿತಲ್ಲ! ನನ್ನ ಸಲಹೆ ಇಷ್ಟೇ: ಫೋನಿನಲ್ಲಿ ಹಣ ಕಳಿಸಬೇಡಿ. ಮೊದಲು ಹೋಗಿ ನೋಡಿ, ನೀರು, ಬಚ್ಚಲು, ಕಟ್ಟಿಗೆ ಮೂರರ ರೇಟು ಬಾಯಿಬಿಟ್ಟು ಕೇಳಿ. ಮನೆಯಿಂದ ಎರಡು ಖಾಲಿ ಕ್ಯಾನ್ ಒಯ್ಯಿರಿ. ಒಂದು ಸಣ್ಣ ಬೀಗವನ್ನೂ ಒಯ್ಯಿರಿ.

ನನ್ನ ಹೆಂಡತಿ ಒಳಗೆ ಮಲಗಲು ಒಪ್ಪಲಿಲ್ಲ. ಅವರೆಲ್ಲ ಹೊರಗೆ ಕಟ್ಟೆಯ ಮೇಲೆ ಜಮಖಾನ ಹಾಸಿದರು. ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಆ ಖೋಲಿ ಚೆನ್ನಾಗಿದ್ದಿದ್ದರೆ ನಾವು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದೆವೇನೋ. ಹೊರಗಿದ್ದದ್ದಕ್ಕೇ ರಾತ್ರಿ ಸಿಕ್ಕಿತು.

ಹತ್ತು ಗಂಟೆಯ ಮೇಲೆ ಅಂಗಡಿಗಳ ಮೈಕ್ ನಿಂತವು. ದೂರದಲ್ಲಿ ಯಾರೋ ಚೌಡಿಕೆ ನುಡಿಸುತ್ತಿದ್ದರು. ಚೌಡಿಕೆ ಗೊತ್ತಲ್ವಾ, ಒಂದೇ ತಂತಿ, ಕೆಳಗೆ ಚರ್ಮ ಬಿಗಿದ ಕೊಳಗ. ಅದರ ದನಿ ಅಳುವಿಗೂ ನಗುವಿಗೂ ನಡುವೆ ಇರುತ್ತದೆ. ಜೊತೆಗೆ ಶ್ರುತಿ, ತಾಳ. ಇಷ್ಟು ವರ್ಷ ಗಾಡಿಯಲ್ಲಿ ಮೊಬೈಲ್‌ನಿಂದ ಡಿಜೆ ಹಾಡು ಹಾಕಿ ಮಲಗುತ್ತಿದ್ದ ನಾನು ಆ ದನಿಯ ಬೆನ್ನು ಹತ್ತಿ ಹೋದೆ. ಒಂದು ಬೇವಿನ ಮರದ ಕೆಳಗೆ ಐದಾರು ಮಂದಿ ಇದ್ದರು. ನಡುವೆ ಜಗ ಇಳಿಸಿದ್ದರು. ಜಗ ಅಂದರೆ ಬುಟ್ಟಿಯಲ್ಲಿ ದೇವಿಯ ಮುಖ ಕೂರಿಸಿ, ನವಿಲುಗರಿ ಕಟ್ಟಿ, ಜೋಗಮ್ಮಗಳು ತಲೆ ಮೇಲೆ ಹೊತ್ತು ಊರೂರು ತಿರುಗುವ ದೇವರು. ಹಾಡುತ್ತಿದ್ದವರು ಜೋಗಪ್ಪ, ಅಂದರೆ ಗಂಡಾಗಿ ಹುಟ್ಟಿ ಸೀರೆ ಉಟ್ಟು ಯಲ್ಲಮ್ಮನ ಸೇವೆಗೆ ನಿಂತವರು.

ಮೊದಲು ನಾವು ಡ್ರೈವರ್‌ಗಳು ಇವರನ್ನು ಕಂಡರೆ ಏನೇನೋ ಅಂದು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. 2021ರಲ್ಲಿ ಇವರಂಥವರೇ ಆದ ಮಂಜಮ್ಮ ಜೋಗತಿ ದಿಲ್ಲಿಯಲ್ಲಿ ಪದ್ಮಶ್ರೀ ತೆಗೆದುಕೊಳ್ಳುವುದನ್ನು ಟಿವಿಯಲ್ಲಿ ನೋಡಿದೆ. ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ನಿವಾಳಿಸಿ ತೆಗೆದರು. ರಾಷ್ಟ್ರಪತಿ ಕೈ ಮುಗಿದು ನಿಂತಿದ್ದರು. ಅವತ್ತಿನಿಂದ ನನ್ನ ಬಾಯಿ ಬಂದ್. ಆ ರಾತ್ರಿ ಮರದ ಕೆಳಗಿದ್ದವರು ನನಗೆ ಕೂರಲು ಗೋಣಿಚೀಲ ಸರಿಸಿಕೊಟ್ಟರು. "ಯಾ ಊರ್ ತಮ್ಮಾ?" ಅಂದರು. ಮುಧೋಳ ಅಂದೆ. "ನಿಮ್ಮೂರಾಗ ಚಲೋ ಜೋಳ ಹಾಕ್ತಾರ" ಅಂದರು. ಬೆಳಿಗ್ಗೆ ಪಡ್ಡಲಗಿಗೆ ಐದು ಮಂದಿ ಬೇಕಿದೆ, ಬರ್ತೀರಾ ಅಂತ ಅಲ್ಲೇ ಕೇಳಿದೆ. ಹೀಗೆ ಕೇಳಿ ಕರೆದರೆ ಒಳ್ಳೆಯದು. ಹಗಲು ದಲ್ಲಾಳಿಗಳು ಬಂದು "ಪಡ್ಡಲಗಿ ಪ್ಯಾಕೇಜ್" ಅಂತ ರೇಟು ಹೇಳುತ್ತಾರೆ. ಬೇಡವೇ ಬೇಡ.

ಬೆಳಿಗ್ಗೆ ಐದಕ್ಕೆ ಗುಡ್ಡದ ಎಣ್ಣೆ ಹೊಂಡದಲ್ಲಿ ಜಳಕ. ಮಾಘದ ನೀರು, ಹಲ್ಲು ಕಟಕಟ ಅಂದವು. ಅವ್ವನಿಗೆ ಒಂದು ತಂಬಿಗೆ ನೀರು ತಲೆಗೆ ಹಾಕಿದ್ದಷ್ಟೇ, ಮುಳುಗಲು ಬಿಡಲಿಲ್ಲ. ವಯಸ್ಸಾದವರನ್ನು ಕರೆದೊಯ್ಯುವವರು ಕೈ ಬಿಡಬೇಡಿ, ಪಾವಟಿಗೆಗಳ ಮೇಲೆ ಭಂಡಾರ, ಎಣ್ಣೆ ಎಲ್ಲ ಸೇರಿ ಜಾರುತ್ತದೆ.

ಪಾಳಿಯಲ್ಲಿ ಐವತ್ತು ನಿಮಿಷ ನಿಂತೆವು. ವಾರದ ನಡುವೆ, ಬೆಳಗಿನ ಜಾವ ಅಂದರೆ ಇದು ಏನೂ ಅಲ್ಲ. ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಈ ಗುಡಿ ಕಟ್ಟಿಸಿದ ಅಂತ ಹೇಳುತ್ತಾರೆ. ಅಂದರೆ ಐನೂರು ವರ್ಷ ದಾಟಿತು. ದೇವರು ಮಾತ್ರ ಅದಕ್ಕಿಂತ ಹಳಬಳು ಅನ್ನುತ್ತಾರೆ. ಕೆಳಗಿನ ಸವದತ್ತಿಗೆ ಹಳೆಯ ಹೆಸರು ಸುಗಂಧವರ್ತಿ. ರಟ್ಟರು ಅನ್ನುವ ಅರಸರು ಬೆಳಗಾವಿಗೆ ಹೋಗುವ ಮುಂಚೆ ಅಲ್ಲಿಂದಲೇ ಆಳಿದ್ದು. ಪಾಳಿಯಲ್ಲಿ ನಿಂತಾಗ ಕಂಬಕ್ಕೆ ಕೈ ಇಟ್ಟು ನೋಡಿ. ಎಷ್ಟು ಮಂದಿಯ ಅಂಗೈ ಉಜ್ಜಿದೆಯೋ ಏನೋ, ಕಲ್ಲು ಎಣ್ಣೆ ಹಚ್ಚಿದ ಹಾಗೆ ನುಣ್ಣಗಿದೆ.

ಒಳಗೆ ಹೋದರೆ ನಿಮಗೆ ಸಿಗುವುದು ನಾಲ್ಕೈದು ಸೆಕೆಂಡ್. ಹೂವು, ಹಸಿರು ಸೀರೆ, ಅರಿಶಿನ, ಕುಂಕುಮ, ಅದರ ನಡುವೆ ಎರಡು ಕಣ್ಣು. ಹಿಂದಿನಿಂದ ನೂಕು, ಮುಂದಿನಿಂದ "ನಡೀರಿ, ನಡೀರಿ". ದೂರದಿಂದ ಬಂದು ಇಷ್ಟಕ್ಕಾ ಅಂತ ಬೇಜಾರು ಮಾಡಿಕೊಳ್ಳುವ ಮಂದಿಯನ್ನು ನನ್ನ ಗಾಡಿಯಲ್ಲೇ ಎಷ್ಟೋ ಸಲ ನೋಡಿದ್ದೇನೆ. ಗುಡ್ಡ, ಗೊಡಚಿ ವೀರಭದ್ರ, ಬಾದಾಮಿ ಬನಶಂಕರಿ ಎಲ್ಲಾ ಒಂದೇ ದಿನಕ್ಕೆ ಮುಗಿಸುವವರಿಗೆ ಈ ನಾಲ್ಕು ಸೆಕೆಂಡೇ ಗುಡ್ಡ. ಬಾಡಿಗೆ ನನಗೆ ಸಿಗುತ್ತದೆ, ಅವರಿಗೆ ಸಿಗುವುದು ಫೋಟೊ.

ಅವ್ವ ಆ ನಾಲ್ಕು ಸೆಕೆಂಡಿನಲ್ಲಿ ಏನೂ ಬೇಡಲಿಲ್ಲವಂತೆ. "ಏನ ಬೇಡೂದು? ಕೊಡೂದು ಬಾಕಿ ಇತ್ತು, ಕೊಡಾಕ ಬಂದೀನಿ ಅಂತ ಹೇಳ್ದೆ" ಅಂದಳು.

ಹೊರಗೆ ಬಂದು ಶಿಖರದ ಕಡೆ ಭಂಡಾರ ತೂರಿದೆವು. "ಉಧೋ ಉಧೋ ಯಲ್ಲಮ್ಮ ನಿನ್ನಾಲ್ಕ ಉಧೋ" ಅಂತ ಅಕ್ಕ ಮೊದಲು ಕೂಗಿದಳು. ನಮ್ಮ ಅಕ್ಕ ಮನೆಯಲ್ಲಿ ಮಾತಾಡಿದರೆ ಪಕ್ಕದವರಿಗೆ ಕೇಳಿಸದು. ಅವಳ ಗಂಟಲಿನಲ್ಲಿ ಇಷ್ಟು ದನಿ ಇತ್ತು ಅಂತ ನನಗೆ ಐವತ್ತರ ಹತ್ತಿರ ಗೊತ್ತಾಯಿತು. ಒಂದು ಎಚ್ಚರಿಕೆ: ಭಂಡಾರವನ್ನು ಮನೆಯಿಂದಲೇ ಒಯ್ಯಿರಿ. ಅರಿಶಿನ ಕುಟ್ಟಿಸಿದ್ದಾದರೆ ಒಳ್ಳೆಯದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಅರಿಶಿನ ಅಲ್ಲ. ಮಗಳು ಒಂದು ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಯ ಪೊಟ್ಟಣ ತಂದಳು, ಕಣ್ಣಿಗೆ ಬಿದ್ದು ಮಧ್ಯಾಹ್ನದ ತನಕ ಉರಿಯಿತು. ಮನೆಯ ಅರಿಶಿನ ಬಿದ್ದವರಿಗೆ ಏನೂ ಆಗಲಿಲ್ಲ.

ಇನ್ನು ಅಡಿಗೆ. ಗುಡ್ಡಕ್ಕೆ ಬಂದು ಹೋಟೆಲಿನಲ್ಲಿ ಉಂಡು ಹೋಗುವವರಿಗೆ ನಾನು ಕೈ ಮುಗಿದು ಹೇಳುತ್ತೇನೆ, ಒಂದು ಸಲ ಅಡಿಗೆ ಮಾಡಿ ನೋಡಿ. ಬೆಳಿಗ್ಗೆ ಎಂಟರಿಂದ ಗುಡ್ಡದ ಮೈ ತುಂಬ ಹೊಗೆ ಏಳುತ್ತದೆ. ಎಲ್ಲಿ ನೋಡಿದರೂ ಮೂರು ಕಲ್ಲು, ಕಟ್ಟಿಗೆ, ದೊಡ್ಡ ಬೋಗುಣಿ. ಪಕ್ಕದ ಒಲೆಯವರು ಸಾಂಗಲಿ ಕಡೆಯ ಮರಾಠಿಗರು. ಅವರಿಗೆ ಕನ್ನಡ ಬರದು, ನಮ್ಮ ಅವ್ವನಿಗೆ ಮರಾಠಿ ಬರದು. ಆದರೂ ಅವರ ಪುರಣಕ್ಕೆ ಬೆಲ್ಲ ಕಡಿಮೆ ಅಂತ ಅವ್ವ ಬೆರಳಲ್ಲೇ ಹೇಳಿದಳು, ಅವರು ಹಾಕಿದರು. ಆ ಕಡೆಯವರು ಮಹಾರಾಷ್ಟ್ರದ ಮಾಹೂರದ ರೇಣುಕೆಗೂ ಹೋಗುತ್ತಾರಂತೆ, ಇಲ್ಲಿಗೂ ಬರುತ್ತಾರಂತೆ. ಹೊಲದ ಮೊದಲ ರಾಶಿ ಆದ ಮೇಲೆ ಇಲ್ಲಿಗೆ ಬರದಿದ್ದರೆ ಮನೆಯ ಹಿರಿಯರು ಮಾತಾಡಿಸುವುದಿಲ್ಲ ಅಂತ ಅವರಲ್ಲಿ ಕನ್ನಡ ಬರುತ್ತಿದ್ದ ಒಬ್ಬ ಹುಡುಗ ಹೇಳಿದ.

ನಮ್ಮದು ಹೋಳಿಗೆ, ಕಡಬು, ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ವಡೆ. ಹೋಳಿಗೆ ಹೆಂಡತಿಯದು, ವಡೆ ಅಕ್ಕನದು. ನನಗೆ ಕೊಟ್ಟ ಕೆಲಸ ನೀರು ತರುವುದು ಮತ್ತು ಊದುವುದು. ಕಟ್ಟಿಗೆ ಹಸಿ ಇತ್ತು. ನನ್ನ ಜನ್ಮದಲ್ಲಿ ಅಷ್ಟು ಊದಿಲ್ಲ. ನೈವೇದ್ಯ ಒಯ್ದು ತೋರಿಸಿ ಬಂದ ಮೇಲೆ, ಹನ್ನೊಂದೂವರೆಗೆ ರಾತ್ರಿಯ ಐದು ಮಂದಿ ಬಂದರು. ಮೂವರು ಜೋಗಮ್ಮಗಳು, ಇಬ್ಬರು ಜೋಗಪ್ಪ. ಸಾಲಾಗಿ ಕೂತು ತಮ್ಮ ತಮ್ಮ ಪಡ್ಡಲಗಿಗಳನ್ನು ಮುಂದೆ ಇಟ್ಟರು. ಬುಟ್ಟಿಗಳಿಗೆ ಭಂಡಾರ ಹಚ್ಚಿ, ಮಾಡಿದ ಎಲ್ಲ ಅಡಿಗೆಯನ್ನೂ ಒಂದೊಂದಾಗಿ ಬಡಿಸಿದೆವು. ಪ್ರತಿ ಬುಟ್ಟಿ ತುಂಬಿದಾಗ ಉಧೋ ಉಧೋ. ಅವ್ವ ನೆಲಕ್ಕೆ ಕೂತು ಅವರ ಕಾಲಿಗೆ ನೀರು ಹಾಕಿದಳು, ಮೊಣಕಾಲು ನೋವು ಅವತ್ತು ಎಲ್ಲಿ ಹೋಗಿತ್ತೋ. ಅವರಲ್ಲಿ ಹಿರಿಯ ಜೋಗಮ್ಮ ಅವ್ವನ ಹಣೆಗೆ ಭಂಡಾರ ಹಚ್ಚಿದಳು. ಅಪ್ಪ ಹೋದ ಮೇಲೆ ಅವ್ವನ ಹಣೆಗೆ ಯಾರೂ ಏನೂ ಹಚ್ಚಿರಲಿಲ್ಲ. ಅವ್ವ ಸ್ವಲ್ಪ ಹಿಂದೆ ಸರಿದಳು. "ಯಾಕವ್ವಾ? ಭಂಡಾರಕ್ಕ ಮುತ್ತೈದಿ ರಂಡಿ ಅಂತ ಐತೇನ?" ಅಂದಳು ಜೋಗಮ್ಮ. ಅಂದು, ಇನ್ನೊಂದು ಚಿಟಿಕೆ ತೆಗೆದು ಕೆನ್ನೆಗೂ ಹಚ್ಚಿದಳು.

ನಾವು ಉಣ್ಣುವಾಗ ಒಂದು ಗಂಟೆ. ಪಕ್ಕದ ಒಲೆಯವರು ಎರಡು ಪುರಣಪೋಳಿ ಕೊಟ್ಟರು. ಬೆಲ್ಲ ಸರಿಯಾಗಿತ್ತು.

ಸಿಟ್ಟು ಬರುವ ವಿಷಯ ಒಂದು ಇದೆ, ಅದು ನಮ್ಮ ಮೇಲೆ, ಹೋಗುವವರ ಮೇಲೆ. ಉಂಡ ಎಲೆ, ಪ್ಲಾಸ್ಟಿಕ್ ಲೋಟ, ಮಿಂದು ಬಿಟ್ಟ ಹಳೇ ಬಟ್ಟೆ ಎಲ್ಲಾ ಅಲ್ಲೇ ಬಿಟ್ಟು ಬರುತ್ತೇವೆ. ಅಡಿಗೆ ಮಾಡಿದ ಕಲ್ಲಿನ ಪಕ್ಕದಲ್ಲೇ ಹಿಂದಿನ ವಾರದವರ ಹಳಸಿದ ಅನ್ನ. ಗುಡ್ಡದ ಕೆಲಸಕ್ಕೆ ಕೇಂದ್ರ ಸರ್ಕಾರ 100 ಕೋಟಿ ಕೊಡುತ್ತದೆ ಅಂತ 2024ರಲ್ಲಿ ಸುದ್ದಿ ಬಂತು. ಬರಲಿ, ಕಟ್ಟಲಿ. ಆದರೆ ನಮ್ಮ ಎಲೆ ಎತ್ತಲು ಕೋಟಿ ಯಾಕೆ ಬೇಕು? ಎರಡು ಗೋಣಿಚೀಲ ಒಯ್ದಿದ್ದೆವು, ಕಸ ತುಂಬಿ ಗಾಡಿಯ ಮೇಲೆ ಕಟ್ಟಿದೆ.

ಅಂಗಡಿ ಸಾಲಿನಲ್ಲಿ ಹೆಚ್ಚು ಹೊತ್ತು ಹಾಕಬೇಡಿ. ಬೆಂಡು-ಬತ್ತಾಸು, ಖಾರದಾಣಿ ಚೆನ್ನಾಗಿರುತ್ತವೆ. ಬಳೆ ಅಂಗಡಿಯಲ್ಲಿ ಮಗಳೂ ಹೆಂಡತಿಯೂ ಹಸಿರು ಬಳೆ ಇಡಿಸಿಕೊಂಡರು. ಬಳೆ ಇಡಿಸುವಾಕೆ ಅರ್ಧ ಬೆಲೆಗೆ ಇಳಿದಳು, ಅವ್ವ ಇನ್ನೂ ಅರ್ಧ ಕೇಳಿದಳು.

ಪುರುಸೊತ್ತಿದ್ದರೆ ವಾಪಸ್ ಬರುವಾಗ ನವಿಲುತೀರ್ಥ ನೋಡಿ. ಮಲಪ್ರಭೆಯ ಅಣೆಕಟ್ಟು ಅಲ್ಲಿದೆ. ಹಿಂದೆ ನಿಂತ ನೀರಿಗೂ ದೇವಿಯ ಹೆಸರೇ, ರೇಣುಕಾಸಾಗರ. ತುಂಬಿದರೆ 37 ಟಿಎಂಸಿ. ಈ ನೀರೇ ಮುಂದೆ ನಮ್ಮ ಜಿಲ್ಲೆಗೆ ಬಂದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುವುದು. ಗಾಡಿ ನಿಲ್ಲಿಸಿದೆ. ಅವ್ವ ಇಳಿಯಲಿಲ್ಲ, ಕಿಟಕಿಯಿಂದಲೇ ನೀರು ನೋಡಿ "ಉಸುಕಿನ ಕೊಡಾ ಮಾಡೂವಷ್ಟು ಉಸುಕ ಎಲ್ಲಿ ಉಳದೈತಿ ಹೊಳಿಯಾಗ" ಅಂದಳು. ಮರಳು ಲಾರಿ ಹೊಡೆಯುವ ನಮ್ಮ ಸೋದರಮಾವನ ಮಗನ ನೆನಪಾಗಿ ನನಗೆ ನಗು ಬಂತು. ಅವ್ವನಿಗೆ ಬರಲಿಲ್ಲ.

ಯರಗಟ್ಟಿ ದಾಟಿದ ಮೇಲೆ ಹಿಂದಿನವರೆಲ್ಲ ನಿದ್ದೆಗೆ ಬಿದ್ದರು. ಅವ್ವ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದಳು, ಹಣೆಯ ಭಂಡಾರ ಒರೆಸಿಕೊಂಡಿರಲಿಲ್ಲ. ಲೋಕಾಪುರದ ದೀಪಗಳು ಕಾಣುವಾಗ ಕೇಳಿದಳು:

"ಬನದ ಹುಣ್ಣಿಮಿಗೆ ಗಾಡಿ ಯಾರರ ಹಿಡದಾರೇನ?"

"ಪ್ರತಿ ವರ್ಷ ಹಿಡಿಯೋರು ಅದಾರಲ್ಲವ್ವ. ಹತ್ತ ಮಂದಿ."

"ಹಂಗಾರ ಹನ್ನೊಂದ ಅನ್ನು. ಈ ಸೀಟ ನಂದು."